ಪ್ಲಾಸ್ಟಿಕ್ ಫಾಸ್ಟನರ್: ಯಾವ ಜಾಗಕ್ಕೆ ಯಾವುದು, ಹಾಕೋದು ಹೇಗೆ

ಕಾರ್ಖಾನೆಯ ಸ್ಟೋರ್‌ನಲ್ಲಿ ನಟ್ಟು ಬೋಲ್ಟಿಗೆ ಇರುವ ಮರ್ಯಾದೆ ಪ್ಲಾಸ್ಟಿಕ್ ಕ್ಲಿಪ್ಪಿಗೆ ಇಲ್ಲ. ಬೋಲ್ಟ್ ಬೇಕು ಅಂದರೆ ಎಂ8, 8.8 ದರ್ಜೆ, ಉದ್ದ ಇಷ್ಟು, ಕೋಟಿಂಗ್ ಇಂಥದ್ದು ಅಂತ ಬರೆದು ಕೊಡುತ್ತಾರೆ. ವೈರಿನ ಕಂತೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಕೇಬಲ್ ಟೈ ಬೇಕು ಅಂದರೆ ಮಾತ್ರ "ಟ್ಯಾಗ್, 8 ಇಂಚು, ನಾಲ್ಕು ಪ್ಯಾಕೆಟ್". ಮುಗೀತು. ಒಂದೆರಡು ಬೇಸಿಗೆ ಕಳೆದ ಮೇಲೆ ಛಾವಣಿ ಮೇಲಿನ ಟೈಗಳು ಪಟಪಟ ಮುರಿದು ಕೇಬಲ್ ಜೋತಾಡುತ್ತದೆ. ಆಗ "ಪ್ಲಾಸ್ಟಿಕ್ ಅಲ್ವಾ, ಅದರ ಆಯಸ್ಸು ಅಷ್ಟೇ" ಅಂತ ಹೊಸ ಪ್ಯಾಕೆಟ್ ತರಿಸುತ್ತಾರೆ. ಅದೇ ಟೈ, ಅದೇ ಕಥೆ.

ಟೈ, ಕ್ಲಿಪ್, ಸ್ಕ್ರೂ ಥರ ಹಿಡಿದು ನಿಲ್ಲಿಸುವ ಸಾಮಾನಿಗೆಲ್ಲ ಫಾಸ್ಟನರ್ ಅನ್ನುತ್ತಾರೆ. ಸರಿಯಾಗಿ ಆರಿಸಿದ ಪ್ಲಾಸ್ಟಿಕ್ ಫಾಸ್ಟನರ್ ಹತ್ತಾರು ವರ್ಷ ಇರುತ್ತದೆ. ಆರಿಸುವಾಗ "ಎಷ್ಟು ಕೆಜಿ ತಡೆಯುತ್ತೆ" ಎನ್ನುವುದಕ್ಕಿಂತ ಮೊದಲು "ಎಲ್ಲಿ ಇರುತ್ತೆ" ಅಂತ ಕೇಳಬೇಕು. ಪ್ಯಾನೆಲ್ ಕಟ್ಟುವವರು, ಮೇಂಟೆನೆನ್ಸ್ ನೋಡಿಕೊಳ್ಳುವವರು, ಸಣ್ಣ ಯೂನಿಟ್‌ಗಳಲ್ಲಿ ಖರೀದಿ ಮಾಡುವವರು ಈ ಲೇಖನವನ್ನು ಪಕ್ಕದಲ್ಲಿ ಇಟ್ಟುಕೊಂಡು ಆರ್ಡರ್ ಬರೆಯಬಹುದು.

ಹೆಜ್ಜೆ 1: ಲೋಹ ಯಾಕೆ ಬೇಡ?

ಇದಕ್ಕೆ ಗಟ್ಟಿಯಾದ ಉತ್ತರ ಇಲ್ಲದಿದ್ದರೆ ಲೋಹವನ್ನೇ ಹಾಕಿ. ಪ್ಲಾಸ್ಟಿಕ್ ಹಾಕಲು ನಿಜವಾದ ಕಾರಣಗಳು ಇವು. ತುಕ್ಕು ಹಿಡಿಯುವುದಿಲ್ಲ. ಕರೆಂಟ್ ಹರಿಯಲು ಬಿಡುವುದಿಲ್ಲ. ಸ್ಟೀಲಿನ ಏಳನೇ ಒಂದು ಭಾಗದಷ್ಟು ತೂಕ. ಪೇಂಟ್ ಗೀರುವುದಿಲ್ಲ, ಅದುರಿದಾಗ ಗಡಗಡ ಸದ್ದು ಮಾಡುವುದಿಲ್ಲ. ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಎಂಆರ್‌ಐ ಯಂತ್ರದ ಹತ್ತಿರವೂ ನಡೆಯುತ್ತದೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಸ್ಪ್ಯಾನರ್ ಇಲ್ಲದೆ ಹೆಬ್ಬೆರಳಿನಲ್ಲಿ ಒತ್ತಿದರೆ ಕೂರುತ್ತದೆ. ಕಾರು ತಯಾರಿಕೆಯಲ್ಲಿ ಒಳಗಿನ ಟ್ರಿಮ್ (ಒಳಬದಿಯ ಹೊದಿಕೆ) ಅಷ್ಟೂ ಕ್ಲಿಪ್ ಮೇಲೆ ನಿಂತಿರುವುದು ಇದಕ್ಕೇ. ಲೈನಿನಲ್ಲಿ ಒಂದೊಂದು ಸೆಕೆಂಡಿಗೂ ಲೆಕ್ಕ ಇರುತ್ತದೆ.

ಹಾಕಲೇಬಾರದ ಕಡೆಗಳೂ ಇವೆ. ಭಾರ ಎತ್ತುವ ಜಾಗ, ಒತ್ತಡದ ಪೈಪಿನ ಫ್ಲ್ಯಾಂಜ್, ಬ್ರೇಕ್, ಸೈಲೆನ್ಸರ್ ಪಕ್ಕ, ಮನುಷ್ಯರ ತಲೆ ಮೇಲೆ ತೂಗುವ ಯಾವುದೇ ವಸ್ತು. ಇಲ್ಲಿ ಮಾತುಕತೆಯೇ ಬೇಡ. ಬೆಂಕಿಯ ವಿಷಯವೂ ಇದೆ. ಬೆಂಕಿ ಬಿದ್ದಾಗ ಪ್ಲಾಸ್ಟಿಕ್ ಟೈ ಕರಗಿ, ಮೇಲಿನ ಕೇಬಲ್ಲೆಲ್ಲ ಕೆಳಗೆ ಬೀಳುತ್ತದೆ. ಒಳಗೆ ಬಂದ ಅಗ್ನಿಶಾಮಕ ಸಿಬ್ಬಂದಿ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಬ್ರಿಟನ್‌ನ 2018ರ ವೈರಿಂಗ್ ನಿಯಮಗಳಲ್ಲಿ ಕಟ್ಟಡದ ಒಳಗಿನ ಕೇಬಲ್ ಬೆಂಕಿಯಲ್ಲಿ ಬೇಗ ಕಳಚಿ ಬೀಳದಂತೆ ಆಧಾರ ಕೊಡಬೇಕು ಅಂತ ಇದೆ. ತಲೆ ಮೇಲೆ ಹೋಗುವ ಕೇಬಲ್ಲಿಗೆ ಬರೀ ಪ್ಲಾಸ್ಟಿಕ್ ಟೈ ಸಾಲದು ಅಂತಲೇ ಅದರರ್ಥ. ನಮ್ಮಲ್ಲೂ ಜನ ಓಡಾಡುವ ದಾರಿಯ ಮೇಲಿನ ಕೇಬಲ್ಲಿಗೆ ಅಲ್ಲಲ್ಲಿ ಸ್ಟೀಲ್ ಟೈ ಅಥವಾ ಲೋಹದ ಕ್ಲ್ಯಾಂಪ್ ಹಾಕುವುದು ಒಳ್ಳೆಯದು.

ಹೆಜ್ಜೆ 2: ಜಾಗದ ಬಗ್ಗೆ ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಆ ಜಾಗದಲ್ಲಿ ಮೋಟರ್ ಓಡುವಾಗ ಎಷ್ಟು ಬಿಸಿ ಇರುತ್ತದೆ? ನೇರ ಬಿಸಿಲು ಬೀಳುತ್ತದಾ? ನೀರು, ಉಗಿ, ಒಣಗಾಳಿ, ಇದರಲ್ಲಿ ಯಾವುದು? ಎಣ್ಣೆ, ಆಸಿಡ್, ಬ್ಲೀಚಿಂಗ್ ನೀರು ಏನಾದರೂ ಸಿಡಿಯುತ್ತದಾ? ಎಳೆತ ಆಗಾಗ ಬಂದು ಹೋಗುತ್ತದಾ, ಇಲ್ಲ ಸದಾ ಇರುತ್ತದಾ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ಸ್ಟೀಲ್ ಬೋಲ್ಟನ್ನು ಬಿಗಿದರೆ ಅದು ಸ್ಪ್ರಿಂಗ್ ಥರ ಎಳೆದುಕೊಂಡೇ ಇರುತ್ತದೆ. ಪ್ಲಾಸ್ಟಿಕ್ ಹಾಗಲ್ಲ. ಸದಾ ಎಳೆತದಲ್ಲಿದ್ದರೆ ನಿಧಾನಕ್ಕೆ ಹಿಗ್ಗುತ್ತಾ ಹೋಗುತ್ತದೆ, ಬಿಗಿ ತಾನಾಗಿಯೇ ಸಡಿಲ ಆಗುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಬಿಸಿ ಇದ್ದರೆ ಇನ್ನೂ ಬೇಗ. ಹಾಗಾಗಿ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಒತ್ತಿ ಹಿಡಿಯುವ ಕೆಲಸಕ್ಕೆ ನೈಲಾನ್ ಬೋಲ್ಟ್ ನಂಬಬೇಡಿ. ವಸ್ತು ಜಾರದಂತೆ, ಅಲುಗದಂತೆ ತಡೆದು ನಿಲ್ಲಿಸುವುದಕ್ಕೆ ಧಾರಾಳವಾಗಿ ಬಳಸಿ.

ಇನ್ನೊಂದು ವಿಷಯ, ಹಿಗ್ಗುವಿಕೆ. ಬಿಸಿಗೆ ನೈಲಾನ್ ಸ್ಟೀಲಿಗಿಂತ ಸುಮಾರು ಏಳೆಂಟು ಪಟ್ಟು ಜಾಸ್ತಿ ಹಿಗ್ಗುತ್ತದೆ. ಉದ್ದನೆಯ ಪ್ಲಾಸ್ಟಿಕ್ ಕವರನ್ನು ಸ್ಟೀಲ್ ಫ್ರೇಮಿಗೆ ಹತ್ತು ಕಡೆ ಬಿಗಿಯಾಗಿ ಕೂರಿಸಿದರೆ ಮಧ್ಯಾಹ್ನದ ಹೊತ್ತಿಗೆ ಅದು ಅಲೆಅಲೆಯಾಗಿ ಉಬ್ಬುತ್ತದೆ. ಒಂದು ತೂತು ಗುಂಡಗಿರಲಿ, ಉಳಿದವು ಉದ್ದುದ್ದ ಇರಲಿ, ಆಗ ಕವರ್ ಹಿಗ್ಗಿದರೂ ಸರಿದಾಡಲು ಜಾಗ ಇರುತ್ತದೆ.

ಹೆಜ್ಜೆ 3: ನೈಲಾನ್ ಸ್ವಭಾವ ತಿಳಿದುಕೊಳ್ಳಿ

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಫಾಸ್ಟನರ್‌ಗಳಲ್ಲಿ ಬಹುಪಾಲು ನೈಲಾನ್, ಅದರಲ್ಲೂ ನೈಲಾನ್ 66. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ ಇದನ್ನು 1935ರಲ್ಲಿ ಮಾಡಿತು. ಕರಗುವುದು 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆದರೆ ಕರಗುವ ಬಿಸಿಯೇ ಬೇರೆ, ವರ್ಷಗಟ್ಟಲೆ ತಡೆಯುವ ಬಿಸಿಯೇ ಬೇರೆ. ಮಾಮೂಲಿ ನೈಲಾನ್ 66 ಟೈಗೆ ಮೇಲಿನ ಮಿತಿ 85 ಡಿಗ್ರಿ. ಅದಕ್ಕಿಂತ ಬಿಸಿ ಇದ್ದರೆ ಹೀಟ್ ಸ್ಟೆಬಿಲೈಸ್ಡ್ ಅಂತ ಬರೆದಿರುವ ದರ್ಜೆ ತಗೊಳ್ಳಿ, 105ರವರೆಗೆ ಅಥವಾ ಅದಕ್ಕೂ ಮೇಲೆ ನಡೆಯುತ್ತದೆ. ನೈಲಾನ್ 6 ಅಂತ ಇನ್ನೊಂದಿದೆ. ಅದು ಸುಮಾರು 220ಕ್ಕೇ ಕರಗುತ್ತದೆ.

ನೈಲಾನಿನ ನಿಜವಾದ ಗುಣ ನೀರು ಕುಡಿಯುವುದು. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟ ಹಪ್ಪಳ ಮೆತ್ತಗಾಗುವ ಹಾಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಸಾಧಾರಣ ಗಾಳಿಯಲ್ಲಿ ತನ್ನ ತೂಕದ ಶೇ. 2.5ರಷ್ಟು, ನೀರಲ್ಲೇ ಮುಳುಗಿಸಿಟ್ಟರೆ ಶೇ. 8ಕ್ಕೂ ಜಾಸ್ತಿ. ನೀರು ಕುಡಿದಾಗ ಬಾಗುತ್ತದೆ, ಏಟು ತಡೆಯುತ್ತದೆ, ಆದರೆ ಎಳೆತ ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಅಳತೆಯೂ ಸ್ವಲ್ಪ ದಪ್ಪ ಆಗುತ್ತದೆ. ಒಣಗಿದಾಗ ಗಡುಸು, ಜೊತೆಗೆ ಪೆಡಸು. ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಒಂದೇ ಲಾಟಿನ ಟೈ ಜುಲೈ ತಿಂಗಳ ಮಂಗಳೂರಿನಲ್ಲಿ ಬಳ್ಳಿ ಥರ ಬಳುಕುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಎಳೆಯುವಾಗಲೇ ತಲೆ ಹತ್ತಿರ ಕಿತ್ತು ಬರಬಹುದು.

ಒಳ್ಳೆಯ ಟೈ ಪ್ಯಾಕೆಟ್ ಗಾಳಿಯಾಡದಂತೆ ಸೀಲ್ ಆಗಿ ಬರುವುದು ಇದೇ ಕಾರಣಕ್ಕೆ. ಒಳಗೆ ಬೇಕಾದಷ್ಟು ತೇವ ಇಟ್ಟೇ ಕಳಿಸಿರುತ್ತಾರೆ. ಹರಿದು, ಬಿಸಿಲು ಬೀಳುವ ಕಿಟಕಿ ಪಕ್ಕ ತಿಂಗಳುಗಟ್ಟಲೆ ಇಟ್ಟರೆ ಆ ತೇವ ಹಾರಿ ಹೋಗುತ್ತದೆ. ಒಣಗಿದ ಟೈಗಳು ಕೈಯಲ್ಲಿದ್ದರೆ ಎಸೆಯಬೇಡಿ. ಜಿಪ್ ಚೀಲಕ್ಕೆ ಹಾಕಿ, ಒದ್ದೆ ಬಟ್ಟೆಯ ತುಂಡೊಂದನ್ನು ಒಳಗಿಟ್ಟು, ಒಂದೆರಡು ದಿನ ಬಿಡಿ. ಹಳೆಯದಾಗಿ ಹಾಳಾದದ್ದು ಸರಿಹೋಗುವುದಿಲ್ಲ. ಬರೀ ಒಣಗಿದ್ದು ಮಾತ್ರ ಮತ್ತೆ ಬಳುಕುತ್ತದೆ.

ಹೆಜ್ಜೆ 4: ನೈಲಾನ್ ಆಗದ ಕಡೆ ಏನು?

ಯುಪಿಎಸ್ ಬ್ಯಾಟರಿ ರೂಮಿನಿಂದ ಶುರು ಮಾಡೋಣ. ಲೆಡ್ ಆಸಿಡ್ ಬ್ಯಾಟರಿಯೊಳಗೆ ಇರುವುದು ಗಂಧಕಾಮ್ಲ. ನೈಲಾನಿಗೆ ಅದು ಆಗಿಬರುವುದಿಲ್ಲ. ಆಸಿಡ್ ತಾಗಿದ ಟೈ ಬಿರುಕು ಬಿಟ್ಟು ಪುಡಿಯಾಗುತ್ತದೆ. ಇಲ್ಲಿ ಪಾಲಿಪ್ರೊಪಿಲೀನ್, ಅಂದರೆ ಪಿಪಿ ಹಾಕಿ. ಬ್ಯಾಟರಿಯ ಡಬ್ಬವೇ ಬಹಳ ಸಲ ಪಿಪಿಯದ್ದು. ನೀರು ಕುಡಿಯುವುದಿಲ್ಲ, ಆಸಿಡ್, ಕ್ಷಾರ ಎರಡನ್ನೂ ತಡೆಯುತ್ತದೆ, ಅಗ್ಗ. ಎಳೆತದ ಶಕ್ತಿ ನೈಲಾನಿಗಿಂತ ಕಡಿಮೆ, ಹಾಗಾಗಿ ಒಂದು ಸೈಜ್ ಅಗಲ ಜಾಸ್ತಿ ತಗೊಳ್ಳಿ. ಪೆಟ್ರೋಲ್ ತಾಗಿದರೆ ಪಿಪಿ ಉಬ್ಬುತ್ತದೆ. ಎಂಜಿನ್ ಬದಿಗೆ ಪಿಪಿ ಬೇಡ, ಅಲ್ಲಿ ನೈಲಾನೇ ಸರಿ. ಎಣ್ಣೆ, ಡೀಸೆಲ್, ಗ್ರೀಸ್ ಯಾವುದಕ್ಕೂ ನೈಲಾನ್ ಜಗ್ಗುವುದಿಲ್ಲ.

ಒತ್ತಿ ಕೂರಿಸಿ, ಮತ್ತೆ ಮತ್ತೆ ತೆಗೆಯುವ ಕ್ಲಿಪ್ಪಿಗೆ ಅಸಿಟಾಲ್ ಚೆನ್ನಾಗಿರುತ್ತದೆ. ಪಿಒಎಂ ಅಂತಲೂ, ಡೆಲ್ರಿನ್ ಅಂತಲೂ ಕರೆಯುತ್ತಾರೆ. ಸ್ಪ್ರಿಂಗ್ ಗುಣ ಜಾಸ್ತಿ, ನಯ, ಅಳತೆ ಅಷ್ಟಾಗಿ ಬದಲಾಗುವುದಿಲ್ಲ. ಇದಕ್ಕೆ ಆಗದ್ದು ಆಸಿಡ್, ಕ್ಲೋರಿನ್ ಮತ್ತು ಬೆಂಕಿ. ಹತ್ತಿಕೊಂಡರೆ ಕಣ್ಣಿಗೆ ಸರಿಯಾಗಿ ಕಾಣದ ನೀಲಿ ಜ್ವಾಲೆಯಲ್ಲಿ ಉರಿಯುತ್ತದೆ. ವಿದ್ಯುತ್ ಪ್ಯಾನೆಲ್ ಒಳಗೆ ಹಾಕುವ ಮುನ್ನ ಯೋಚಿಸಿ.

ನೀರು ಶುದ್ಧೀಕರಣ ಘಟಕ, ಬ್ಲೀಚಿಂಗ್ ಇರುವ ಜವಳಿ ಘಟಕ, ಪ್ಲೇಟಿಂಗ್ ಶಾಪ್, ಇಂಥ ಕಡೆ ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್ಕಿನ ಬೋಲ್ಟು ಬರುತ್ತದೆ. ಕ್ಲೋರಿನ್, ಆಸಿಡ್, ಬಿಸಿಲು ಮೂರಕ್ಕೂ ಜಗ್ಗದು. ಆದರೆ ಗಟ್ಟಿ ಕಾಸ್ಟಿಕ್ ಸೋಡಾ ಇದ್ದ ಕಡೆ ಬೇಡ, ಅಲ್ಲಿ ಮತ್ತೆ ಪಿಪಿಯೇ ಗತಿ. ಇನ್ನು 250 ಡಿಗ್ರಿ ಬಿಸಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುವ ಪೀಕ್ ಅನ್ನುವ ಪ್ಲಾಸ್ಟಿಕ್ ಇದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಸೆಮಿಕಂಡಕ್ಟರ್, ವಿಮಾನ, ವೈದ್ಯಕೀಯ ಉಪಕರಣದವರು ಬಿಟ್ಟರೆ ಉಳಿದವರಿಗೆ ಅದರ ಅಗತ್ಯ ಬರುವುದು ಅಪರೂಪ.

ಆಹಾರ ತಯಾರಿಸುವ ಯೂನಿಟ್ ನಿಮ್ಮದಾಗಿದ್ದರೆ ನೀಲಿ ಬಣ್ಣದ, ಮೆಟಲ್ ಡಿಟೆಕ್ಟರಿಗೆ ಸಿಗುವ ಟೈ ಕೇಳಿ. ನೀಲಿ ಬಣ್ಣದ ತಿನಿಸು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ತುಂಡು ಬಿದ್ದರೆ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಒಳಗೇ ಲೋಹದ ಪುಡಿ ಬೆರೆಸಿರುವುದರಿಂದ ಕಣ್ಣು ತಪ್ಪಿದರೂ ಡಿಟೆಕ್ಟರ್ ಹಿಡಿಯುತ್ತದೆ.

ಹೆಜ್ಜೆ 5: ಕೇಬಲ್ ಟೈ ಹಾಕುವ ಕ್ರಮ

ಇದು ಹುಟ್ಟಿದ್ದು ವಿಮಾನದ ವೈರಿಂಗಿಗೆ. ಮೊದಲೆಲ್ಲ ಮೇಣ ಹಚ್ಚಿದ ದಾರದಲ್ಲಿ ವೈರಿನ ಕಂತೆಗೆ ಗಂಟು ಹಾಕುತ್ತಾ ಹೋಗುತ್ತಿದ್ದರು, ಬೆರಳು ಕೊಯ್ದುಕೊಳ್ಳುತ್ತಿದ್ದರು. ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮೌರಸ್ ಲೋಗನ್ ಇದಕ್ಕೆ ಪರಿಹಾರವಾಗಿ 1958ರಲ್ಲಿ ಟೈ ತಂದರು. ಗೋಡೆಗೆ ಹಾಕುವ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ತುರ್ ಫಿಷರ್ ಮಾಡಿದ್ದೂ ಅದೇ 1958ರಲ್ಲಿ. ನಮ್ಮ ಎಲೆಕ್ಟ್ರಿಷಿಯನ್ನರ ಚೀಲದಲ್ಲಿ ಇವತ್ತಿಗೂ ಇರುವ ಎರಡು ಸಾಮಾನು ಒಂದೇ ವರ್ಷದವು.

ಸೈಜ್ ಹೇಗೆ ನೋಡುವುದು? ಕಂತೆಯ ದಪ್ಪವನ್ನು 3.14ರಿಂದ ಗುಣಿಸಿ, ತಲೆ ಮತ್ತು ಬಾಲಕ್ಕೆ 30 ಮಿಮೀ ಸೇರಿಸಿ. ಕಂತೆ 40 ಮಿಮೀ ದಪ್ಪ ಇದ್ದರೆ ಸುಮಾರು 126 ಪ್ಲಸ್ 30, ಅಂದರೆ 156. ಪೇಟೆಯಲ್ಲಿ ಸಿಗುವ 200 ಮಿಮೀ ಟೈ ಸಾಕು. ಅಗಲವೇ ಶಕ್ತಿ. 2.5 ಮಿಮೀ ಅಗಲದ್ದು ಸುಮಾರು 8 ಕೆಜಿ, 3.6 ಮಿಮೀ 18 ಕೆಜಿ, 4.8 ಮಿಮೀ 22 ಕೆಜಿ, 7.6 ಮಿಮೀ ಸುಮಾರು 55 ಕೆಜಿ ಎಳೆತ ತಡೆಯುತ್ತದೆ. ಇದು ಹೊಸ ಟೈಗೆ, ಲ್ಯಾಬಿನಲ್ಲಿ, ನೇರ ಎಳೆತಕ್ಕೆ. ಕೆಲಸದಲ್ಲಿ ಇದರ ಕಾಲು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು ಮಾತು, ಉದ್ದ ಜಾಸ್ತಿ ಆದರೆ ಶಕ್ತಿ ಜಾಸ್ತಿ ಅಂತ ಏನಿಲ್ಲ. ಅಗಲ ಒಂದೇ ಆಗಿದ್ದರೆ 200 ಮಿಮೀ ಟೈ, 370 ಮಿಮೀ ಟೈ ಎರಡೂ ಒಂದೇ.

ಹಾಕುವಾಗ ಹಲ್ಲಿರುವ ಮುಖ ಒಳಗೆ, ಕೇಬಲ್ ಕಡೆಗೆ. ಬಾಲವನ್ನು ಕೈಯಲ್ಲೇ ಎಳೆಯಿರಿ. ಪ್ಲೇಯರ್ ಹಾಕಿ ತಿರುಚಿ ಎಳೆಯುವ ಅಭ್ಯಾಸ ಬಿಡಿಸಿ, ಅದರಿಂದ ತಲೆಯೊಳಗಿನ ನಾಲಗೆ ಬಿರುಕು ಬಿಡುತ್ತದೆ. ಆಗಲೇ ಗೊತ್ತಾಗುವುದಿಲ್ಲ, ಮೆಷಿನ್ ಅದುರಲು ಶುರುವಾದ ಮೇಲೆ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ನೂರಾರು ಟೈ ಹಾಕುವ ಕಡೆ ಟೆನ್ಷನ್ ಗನ್ ತಂದುಕೊಡಿ. ಬೇಕಾದಷ್ಟೇ ಎಳೆದು, ತಲೆಗೆ ಸಮನಾಗಿ ತಾನೇ ಕತ್ತರಿಸುತ್ತದೆ. ಸಾದಾ ಕಟಿಂಗ್ ಪ್ಲೇಯರ್‌ನಲ್ಲಿ ಓರೆಯಾಗಿ ಕತ್ತರಿಸಿದ ತುದಿ ಬ್ಲೇಡಿನಷ್ಟೇ ಹರಿತ. ಹಳೇ ಪ್ಯಾನೆಲ್ ಒಳಗೆ ಕೈ ಹಾಕಿದವರ ಮುಂಗೈ ನೋಡಿ, ಗೀರುಗಳೇ ಹೇಳುತ್ತವೆ. ಚಪ್ಪಟೆ ಬಾಯಿಯ ಫ್ಲಶ್ ಕಟರ್ ಬಳಸಿ, ತಲೆಯನ್ನು ಕೈ ತಾಗದ ಬದಿಗೆ ತಿರುಗಿಸಿ.

ನೆಟ್‌ವರ್ಕ್ ಕೇಬಲ್ಲಿಗೆ ಈ ಟೈ ಬೇಡವೇ ಬೇಡ. ಕ್ಯಾಟ್ 6 ಕೇಬಲ್ ಒಳಗಿನ ಜೋಡಿ ತಂತಿಗಳ ತಿರುಚು ಒತ್ತಡಕ್ಕೆ ಚಪ್ಪಟೆಯಾದರೆ ಸಿಗ್ನಲ್ ಕೆಡುತ್ತದೆ. ಫೈಬರ್ ಕೇಬಲ್ಲಿಗಂತೂ ಸಣ್ಣ ಅದುಮೂ ನಷ್ಟವೇ. ಅಲ್ಲಿ ವೆಲ್‌ಕ್ರೋ ಪಟ್ಟಿ ಹಾಕಿ. ಬೆಂಗಳೂರಿನ ಯಾವುದಾದರೂ ಒಳ್ಳೆಯ ಸರ್ವರ್ ರೂಮಿಗೆ ಹೋಗಿ ನೋಡಿ, ರ್‍ಯಾಕ್ ಹಿಂದೆ ಕಪ್ಪು ವೆಲ್‌ಕ್ರೋ ಪಟ್ಟಿಗಳೇ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಕಂಡುಕೊಂಡದ್ದು, ಡೇಟಾ ಸೆಂಟರಿಗೆ ಹೀಗೆ ಒದಗಿ ಬಂತು.

ಬಿಸಿಲಿನ ವಿಷಯಕ್ಕೆ ಬರೋಣ, ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಬಿಳಿ ಟೈ ಹೊರಗೆ ಬಿಸಿಲಲ್ಲಿ ಬಾಳುವುದಿಲ್ಲ. ನೇರಳಾತೀತ (ಯುವಿ) ಕಿರಣ ಅದರ ಅಣುಸರಪಳಿಯನ್ನೇ ಕಡಿಯುತ್ತಾ ಬರುತ್ತದೆ. ಮೇಲ್ಮೈ ಮಂಕಾಗಿ, ಸೀಮೆಸುಣ್ಣದ ಪುಡಿಯಂತೆ ಕೈಗೆ ಹತ್ತಿದರೆ ಅದರ ಕಾಲ ಮುಗಿದಿದೆ ಅಂತ. ಹೊರಗೆ ಹಾಕಲು ಕಪ್ಪು ಟೈ ಬೇಕು. ಆದರೆ ಕಪ್ಪಾಗಿರುವುದೆಲ್ಲ ಬಿಸಿಲು ತಡೆಯುವುದಿಲ್ಲ. ಬಣ್ಣಕ್ಕೆ ಬೇಕಾಗುವಷ್ಟು ಮಾತ್ರ ಕಪ್ಪು ಹಾಕಿದ್ದು ಒಂದು, ಕಿರಣ ತಡೆಯಲೆಂದೇ ಶೇ. 2ರಷ್ಟು ನುಣ್ಣನೆ ಕಾರ್ಬನ್ ಬ್ಲ್ಯಾಕ್ ಸಮನಾಗಿ ಬೆರೆಸಿದ್ದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಪ್ಯಾಕೆಟ್ ಮೇಲೆ ಯುವಿ ದರ್ಜೆ ಅಂತ ಇರಬೇಕು, ತಯಾರಕರ ಡೇಟಾ ಶೀಟಿನಲ್ಲೂ ಇರಬೇಕು.

ಪಾವಗಡದ ಸೋಲಾರ್ ಪಾರ್ಕಿನಂಥ ಜಾಗ ನೆನೆಸಿಕೊಳ್ಳಿ. 2,050 ಮೆಗಾವಾಟ್, ಸುಮಾರು 13,000 ಎಕರೆ. ಪ್ಯಾನೆಲ್‌ಗಳ ಹಿಂದೆ ಕೇಬಲ್ ಹಿಡಿದು ನಿಲ್ಲಿಸಬೇಕು, ಪ್ಲಾಂಟಿನ ಆಯಸ್ಸು 25 ವರ್ಷ. ಒಂದು ಟೈ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಮುರಿದದ್ದನ್ನು ಬಿಸಿಲಲ್ಲಿ ನಡೆದು, ಹುಡುಕಿ, ಬಗ್ಗಿ ಬದಲಾಯಿಸುವ ಕೂಲಿಯೇ ಖರ್ಚು. ಜೋತುಬಿದ್ದ ಕೇಬಲ್ ಗಾಳಿಗೆ ಫ್ರೇಮಿಗೆ ಉಜ್ಜಿ ಇನ್ಸುಲೇಷನ್ ಸವೆದರೆ ಬೆಂಕಿಯ ಭಯ ಬೇರೆ. ಇಂಥ ಕಡೆ ಯುವಿ ದರ್ಜೆಯ ನೈಲಾನ್ ಕೂಡ ಮೊದಲ ಆಯ್ಕೆ ಆಗಬಾರದು ಅಂತ ನನ್ನ ಅಭಿಪ್ರಾಯ. ಪ್ಯಾನೆಲ್ ಫ್ರೇಮಿನ ಅಂಚಿಗೆ ಸಿಕ್ಕಿಸುವ ಲೋಹದ ಕ್ಲಿಪ್, ಪಿವಿಸಿ ಕೋಟಿಂಗ್ ಇರುವ ಸ್ಟೀಲ್ ಟೈ, ಇಲ್ಲವೇ ಪಿವಿಡಿಎಫ್ ಟೈ ನೋಡಿ. ಮನೆ ಮೇಲೆ ನಾಲ್ಕು ಪ್ಯಾನೆಲ್ ಹಾಕಿಸುವವರೂ ಗುತ್ತಿಗೆದಾರನನ್ನು ಈ ಒಂದು ಪ್ರಶ್ನೆ ಕೇಳಿ: "ಟೈ ಯಾವುದು ಹಾಕ್ತೀರಾ?"

ಹೆಜ್ಜೆ 6: ಒತ್ತುವ ಕ್ಲಿಪ್ಪು, ಪುಶ್ ರಿವೆಟ್ಟು

ಕಾರಿನ ಬಾಗಿಲಿನ ಒಳಗಡೆಯ ಟ್ರಿಮ್ ಕಿತ್ತರೆ ಹಿಂದೆ ಕ್ರಿಸ್‌ಮಸ್ ಮರದ ಆಕಾರದ ಕ್ಲಿಪ್ ಕಾಣುತ್ತದೆ. ಅದರ ರೆಕ್ಕೆಗಳು ಒಳಗೆ ಹೋಗುವಾಗ ಮಡಚಿಕೊಳ್ಳುತ್ತವೆ, ಹೊರಗೆ ಎಳೆದಾಗ ಅಗಲಿಸಿಕೊಳ್ಳುತ್ತವೆ. ಶೀಟಿನ ದಪ್ಪ ಸ್ವಲ್ಪ ಹೆಚ್ಚು ಕಡಿಮೆ ಆದರೂ ಯಾವುದೋ ಒಂದು ರೆಕ್ಕೆ ಹಿಡಿದುಕೊಳ್ಳುತ್ತದೆ. ಪುಶ್ ರಿವೆಟ್ ಬೇರೆ. ಅದರಲ್ಲಿ ಹೊರಗಿನ ಕೊಳವೆ, ಒಳಗಿನ ಪಿನ್ನು ಅಂತ ಎರಡು ಭಾಗ. ಪಿನ್ ಒತ್ತಿದಾಗ ಕೊಳವೆಯ ಕಾಲುಗಳು ಅಗಲಿಸಿ ಕೂರುತ್ತವೆ. ಬಂಪರ್, ಫೆಂಡರ್ ಲೈನರ್‌ಗಳಲ್ಲಿ ಇದೇ.

ಇದರಲ್ಲಿ ಎಡವುವುದು ತೂತಿನ ಅಳತೆಯಲ್ಲಿ. ಉದಾಹರಣೆಗೆ 8 ಮಿಮೀ ಕ್ಲಿಪ್ಪಿಗೆ ಡ್ರಾಯಿಂಗಿನಲ್ಲಿ 8.0 ಮಿಮೀ ತೂತು ಬರೆದಿರುತ್ತಾರೆ. ಶೀಟ್ ಪಂಚ್ ಆಗಿ, ಪೌಡರ್ ಕೋಟಿಂಗಿಗೆ ಹೋಗಿ ಬರುತ್ತದೆ. ಕೋಟಿಂಗ್ 60ರಿಂದ 80 ಮೈಕ್ರಾನ್ ದಪ್ಪ. ತೂತಿನ ಸುತ್ತ ಎರಡೂ ಬದಿ ಲೆಕ್ಕ ಹಾಕಿದರೆ 0.12ರಿಂದ 0.16 ಮಿಮೀ ಕಿರಿದಾಯಿತು. ಲೈನಿನಲ್ಲಿ ಹುಡುಗರು ಅಂಗೈಯಲ್ಲಿ ಗುದ್ದಿ ಕೂರಿಸುತ್ತಾರೆ, ರೆಕ್ಕೆ ಕತ್ತರಿಸಿ ಹೋಗುತ್ತದೆ, ಸಂಜೆ ಹೊತ್ತಿಗೆ ಕವರ್ ಕೈಗೆ ಬರುತ್ತದೆ. ಹಾಗಾಗಿ ಡ್ರಾಯಿಂಗಿನಲ್ಲಿ "ಕೋಟಿಂಗ್ ಆದ ಮೇಲಿನ ಅಳತೆ" ಅಂತ ಬರೆಯಿರಿ. ಪಂಚ್ ಮಾಡಿದ ಶೀಟಿನಲ್ಲಿ ಬರ್ (ತೂತಿನ ಅಂಚಿನ ಚೂಪು) ಏಳುವ ಬದಿ ಯಾವುದು ಅಂತಲೂ ಹೇಳಿ. ಕ್ಲಿಪ್ ನುಗ್ಗುವುದು ನಯ ಇರುವ ಬದಿಯಿಂದಲೇ ಆಗಬೇಕು.

ಬಿಚ್ಚುವಾಗ ಸ್ಕ್ರೂಡ್ರೈವರ್ ತುದಿಯಲ್ಲಿ ಮೀಟಬೇಡಿ, ವಿ ಆಕಾರದ ಟ್ರಿಮ್ ಟೂಲ್ ಅಗ್ಗಕ್ಕೇ ಸಿಗುತ್ತದೆ. ಕೆಲವು ಪುಶ್ ರಿವೆಟ್‌ಗಳ ಪಿನ್ನನ್ನು ಮೇಲೆ ಎಳೆಯಬೇಕು, ಕೆಲವನ್ನು ಇನ್ನೂ ಸ್ವಲ್ಪ ಒಳಗೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಮೊದಲು ನೋಡಿ, ಆಮೇಲೆ ಬಲ ಹಾಕಿ.

ಹೆಜ್ಜೆ 7: ಸರ್ಕ್ಯೂಟ್ ಬೋರ್ಡ್ ಸ್ಪೇಸರ್, ನೈಲಾನ್ ಸ್ಕ್ರೂ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಂ3 ನೈಲಾನ್ ಸ್ಪೇಸರ್‌ಗಳ ಡಬ್ಬಿ ಸುಲಭವಾಗಿ ಸಿಗುತ್ತದೆ. ಬೋರ್ಡಿನ ಟ್ರ್ಯಾಕ್ (ಕರೆಂಟ್ ಹರಿಯುವ ತಾಮ್ರದ ಗೆರೆ) ಲೋಹದ ಚಾಸಿಸ್‌ಗೆ ತಾಗದಂತೆ ಎತ್ತಿ ನಿಲ್ಲಿಸುವುದು ಇದರ ಕೆಲಸ. ಹಾಕುವ ಮುಂಚೆ ಒಂದು ನೋಡಿ. ಕೆಲವು ಬೋರ್ಡುಗಳಲ್ಲಿ ಸ್ಕ್ರೂ ತೂತಿನ ಸುತ್ತ ತವರ ಹಚ್ಚಿದ ಬಳೆ ಇರುತ್ತದೆ. ಅಂದರೆ ಆ ಸ್ಕ್ರೂ ಮೂಲಕವೇ ಬೋರ್ಡಿಗೆ ಅರ್ತ್ ಸಿಗಬೇಕು. ಅಲ್ಲಿ ನೈಲಾನ್ ಹಾಕಿದರೆ ಅರ್ತ್ ಕಟ್. ಹಿತ್ತಾಳೆ ಸ್ಪೇಸರೇ ಬೇಕು.

ನೈಲಾನ್ ಸ್ಕ್ರೂ ಬಿಗಿಯುವ ಬಲ ಬಹಳ ಕಡಿಮೆ. 8.8 ದರ್ಜೆಯ ಎಂ6 ಸ್ಟೀಲ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತೇವೆ. ಎಂ6 ನೈಲಾನಿಗೆ 1ರ ಆಸುಪಾಸಿನಲ್ಲೇ ನಿಲ್ಲಬೇಕು. ಎರಡು ಬೆರಳಲ್ಲಿ ಹಿಡಿದ ಸಣ್ಣ ಸ್ಕ್ರೂಡ್ರೈವರ್ ಸಾಕು. ಸರಿಯಾದ ಅಂಕಿ ತಯಾರಕರ ಶೀಟಿನಲ್ಲಿ ಇರುತ್ತದೆ, ಅದನ್ನೇ ನಂಬಿ. ಒಂದು ದಿನ ಬಿಟ್ಟು ಮತ್ತೆ ಮುಟ್ಟಿ ನೋಡಿ, ಸ್ವಲ್ಪ ಸಡಿಲ ಆಗಿರುತ್ತದೆ.

ಅದುರಿದರೂ ಸಡಿಲ ಆಗದ ನೈಲಾಕ್ ನಟ್ಟಿನ ಮೈ ಲೋಹದ್ದು, ಒಳಗಿನ ಬಳೆ ಮಾತ್ರ ನೈಲಾನ್. 120 ಡಿಗ್ರಿ ದಾಟುವ ಕಡೆ ಹಾಕಬೇಡಿ. ಬಿಚ್ಚಿದ ನಟ್ಟನ್ನು ಮುಖ್ಯವಾದ ಜಾಗಕ್ಕೆ ಮತ್ತೆ ಹಾಕಬೇಡಿ. ಇಷ್ಟೇ.

ಹೆಜ್ಜೆ 8: ಪ್ಲಾಸ್ಟಿಕ್ ಒಳಗೆ ಸ್ಕ್ರೂ ಹಾಕುವಾಗ

ಫಾಸ್ಟನರ್ ಲೋಹದ್ದು, ಹಿಡಿದುಕೊಳ್ಳುವುದು ಪ್ಲಾಸ್ಟಿಕ್. ಮಿಕ್ಸಿಯಿಂದ ಹಿಡಿದು ಮೀಟರ್ ಬಾಕ್ಸ್‌ವರೆಗೆ ಎಲ್ಲ ಕಡೆ ಇದೇ ಜೋಡಣೆ. ಸ್ಕ್ರೂ ಕೂರುವ ಗುಂಡನೆ ಕಂಬಕ್ಕೆ ಬಾಸ್ ಅನ್ನುತ್ತಾರೆ. 4 ಮಿಮೀ ಸ್ಕ್ರೂ ಹಾಕುವುದಾದರೆ ಬಾಸ್ ಒಳಗಿನ ತೂತು 3.2 ಮಿಮೀ, ಹೊರಗಿನ ದಪ್ಪ 8ರಿಂದ 10 ಮಿಮೀ, ಸ್ಕ್ರೂ ಒಳಗೆ ಇಳಿಯುವ ಆಳ ಕನಿಷ್ಠ 8 ಮಿಮೀ. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಆದರೆ ತೂತು ಇನ್ನೂ ಸ್ವಲ್ಪ ದೊಡ್ಡದು. ಶೀಟ್ ಲೋಹದ ಸ್ಕ್ರೂ ಬೇಡ. ಪ್ಲಾಸ್ಟಿಕ್ಕಿಗೆಂದೇ ಇರುವ, ಹಲ್ಲು ಚೂಪಾಗಿ, ಒಂದಕ್ಕೊಂದು ದೂರ ಇರುವ ಸ್ಕ್ರೂ ತನ್ನಿ. ಅದು ಬಾಸನ್ನು ಹೊರಕ್ಕೆ ದಬ್ಬಿ ಸೀಳುವುದು ಕಡಿಮೆ.

ಬಲ ಎಷ್ಟು ಅಂತ ಊಹೆ ಮಾಡಬೇಡಿ. ಹತ್ತು ತುಂಡು ಹಾಳಾದರೂ ಪರವಾಗಿಲ್ಲ, ಟಾರ್ಕ್ ಮೀಟರ್ ಹಿಡಿದು ಅಳೆಯಿರಿ. ಸ್ಕ್ರೂ ಒಳಗೆ ಇಳಿಯಲು ಬೇಕಾದ ಬಲ ಒಂದು, ಹಲ್ಲು ಕಿತ್ತು ಸುಮ್ನೆ ತಿರುಗುವ ಬಲ ಇನ್ನೊಂದು. ಮೊದಲನೆಯದು 0.4, ಎರಡನೆಯದು 1.6 ನ್ಯೂಟನ್ ಮೀಟರ್ ಬಂದರೆ, ಸ್ಕ್ರೂ ಬಿಗಿಯುವ ಗನ್ನನ್ನು 0.9ರ ಹತ್ತಿರ ಇಡಿ. ಎರಡರ ನಡುವೆ ಅಂತರ ಮೂರು ಪಟ್ಟಿಗಿಂತ ಕಡಿಮೆ ಇದ್ದರೆ ಗನ್ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ತೂತಿನ ಅಳತೆಯನ್ನೇ ಬದಲಿಸಬೇಕು. ಗನ್ ವೇಗ 500 ಆರ್‌ಪಿಎಂ ಒಳಗಿರಲಿ. ಜೋರಾಗಿ ತಿರುಗಿದರೆ ಉಜ್ಜುವ ಬಿಸಿಗೆ ಹಲ್ಲು ಕರಗುತ್ತದೆ.

ಬಿಚ್ಚಿದ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ "ಟಕ್" ಅಂತ ಕೆಳಗೆ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹಳೇ ದಾರಿಯಲ್ಲೇ ಇಳಿಯುತ್ತದೆ. ಹಾಗೆ ಮಾಡದೆ ಒತ್ತಿ ತಿರುಗಿಸಿದರೆ ಅಡ್ಡಡ್ಡ ಹೊಸ ಹಲ್ಲು ಬಿದ್ದು, ಎರಡು ಮೂರು ಸಲಕ್ಕೆ ಬಾಸ್ ಸಡಿಲ. ರಿಪೇರಿಗೆ ಆಗಾಗ ಬಿಚ್ಚುವ ವಸ್ತು ಆದರೆ ಬಾಸ್ ಒಳಗೆ ಬಿಸಿಮಾಡಿ ಕೂರಿಸುವ ಹಿತ್ತಾಳೆ ಇನ್ಸರ್ಟ್ (ಒಳಗೆ ಹಲ್ಲಿರುವ ಸಣ್ಣ ಕೊಳವೆ) ಹಾಕಿಬಿಡಿ.

ಸ್ಕ್ರೂ ಸಡಿಲ ಆಗಬಾರದು ಅಂತ ಥ್ರೆಡ್ ಲಾಕ್ ದ್ರವ ಹಾಕುವವರಿದ್ದಾರೆ. ಲೋಹಕ್ಕೆ ಅದು ಒಳ್ಳೆಯದೇ. ಪಾಲಿಕಾರ್ಬೊನೇಟ್, ಎಬಿಎಸ್ ಡಬ್ಬಗಳಿಗೆ ವಿಷ. ಹಾಕಿದ ದಿನ ಚೆನ್ನಾಗೇ ಇರುತ್ತದೆ. ಆಮೇಲೆ ಬಾಸ್ ಸುತ್ತ ಕೂದಲೆಳೆಯಂಥ ಬಿರುಕು ಶುರುವಾಗಿ, ಗಿರಾಕಿ ಕೈಗೆ ಹೋದ ಮೇಲೆ ಒಡೆಯುತ್ತದೆ. ಕಟಿಂಗ್ ಆಯಿಲ್ ಹತ್ತಿದ ಸ್ಕ್ರೂಗಳಿಂದಲೂ ಇದೇ ತೊಂದರೆ ಆಗಬಹುದು. ತೊಳೆದು ಒಣಗಿಸಿದ ಸ್ಕ್ರೂ ಬೇಕು ಅಂತ ಸಪ್ಲೈಯರಿಗೆ ಹೇಳಿ.

ಹೆಜ್ಜೆ 9: ಆರ್ಡರ್ ಬರೆಯೋದು, ಬಂದ ಮಾಲು ನೋಡೋದು

"ಟ್ಯಾಗ್ 8 ಇಂಚು" ಬದಲು ಹೀಗೆ ಬರೆಯಿರಿ: ಕೇಬಲ್ ಟೈ, ನೈಲಾನ್ 66, 200 x 4.8 ಮಿಮೀ, ಕಪ್ಪು, ಯುವಿ ದರ್ಜೆ, 85 ಡಿಗ್ರಿ, ಐಇಸಿ 62275 ಪ್ರಕಾರ, ಬೆಂಕಿಗೆ ಯುಎಲ್ 94 ವಿ-2, ಸೀಲ್ ಆದ ಪ್ಯಾಕೆಟ್, ಲಾಟ್ ನಂಬರ್ ಮತ್ತು ತಯಾರಾದ ತಿಂಗಳು ನಮೂದಿಸಿರಬೇಕು. ಐಇಸಿ 62275 ಅಂದರೆ ಕೇಬಲ್ ಟೈಗಳ ಅಂತರರಾಷ್ಟ್ರೀಯ ಮಾನದಂಡ, ಯುಎಲ್ 94 ವಿ-2 ಅಂದರೆ ಹತ್ತಿಕೊಂಡ ಬೆಂಕಿ ತಾನೇ ಆರುವ ದರ್ಜೆ. ಒಂದು ಸಾಲು ಜಾಸ್ತಿ ಆಯಿತು, ಅಷ್ಟೇ. ಕಳಪೆ ಮಾಲು ಕೊಡುವವರು ಈ ಸಾಲು ನೋಡಿಯೇ ಅರ್ಧ ಹಿಂದೆ ಸರಿಯುತ್ತಾರೆ.

ಮಾಲು ಬಂದಾಗ ಲ್ಯಾಬ್ ಇಲ್ಲದೆಯೂ ಕೆಲವು ಪರೀಕ್ಷೆ ಮಾಡಬಹುದು. ಒಂದು ತುಂಡನ್ನು ನೀರಿಗೆ ಹಾಕಿ. ನೈಲಾನ್, ಅಸಿಟಾಲ್ ಮುಳುಗುತ್ತವೆ, ಪಿಪಿ ತೇಲುತ್ತದೆ. ನೈಲಾನ್ ಅಂತ ಹೇಳಿ ಕೊಟ್ಟದ್ದು ತೇಲಿದರೆ ಮಾತೇ ಬೇಡ, ವಾಪಸ್ ಕಳಿಸಿ. ಟೈ ಆದರೆ ಬಾಲವನ್ನು ಪೂರ್ತಿ ಮಡಚಿ ಹಿಂಡಿ ನೋಡಿ. ಒಳ್ಳೆಯದು ಬಾಗಿ ಬಿಳಿ ಗೆರೆ ಬೀಳಬಹುದು, ಮುರಿಯುವುದಿಲ್ಲ. ಒಂದು ಪೈಪಿಗೆ ಕಟ್ಟಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಹೇಳಿದ ಕೆಜಿಯ ಹತ್ತಿರವೂ ಬಾರದೆ ನಾಲಗೆ ಜಾರಿದರೆ, ಮರುಬಳಕೆಯ ಪ್ಲಾಸ್ಟಿಕ್ ಬೆರೆಸಿರಬಹುದು ಅಂತ ಅನುಮಾನಿಸಿ. ಕೂದಲು ಸುಟ್ಟ ವಾಸನೆ ಬಂದರೆ ನೈಲಾನ್, ಮೇಣದಬತ್ತಿ ವಾಸನೆ ಬಂದರೆ ಪಿಪಿ ಅಂತ ಸುಟ್ಟು ನೋಡುವ ಹಳೇ ಪದ್ಧತಿಯೂ ಇದೆ. ಏನು ಅಂತ ಗೊತ್ತಿಲ್ಲದ ತುಂಡನ್ನು ಸುಡಬೇಡಿ. ಅಸಿಟಾಲ್ ಸುಟ್ಟರೆ ಫಾರ್ಮಾಲ್ಡಿಹೈಡ್, ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ. ಮೂಸಿ ನೋಡುವ ವಸ್ತುಗಳಲ್ಲ ಅವು.

ಸ್ಟೋರ್‌ನಲ್ಲಿ ಇಡುವಾಗ ನೆರಳು, ತಂಪು, ಮುಚ್ಚಿದ ಚೀಲ. ಮೊದಲು ಬಂದದ್ದು ಮೊದಲು ಹೋಗಲಿ. ಪ್ರತಿ ಲಾಟಿನಿಂದ ಹತ್ತು ತುಂಡು ತೆಗೆದು, ಪ್ಯಾಕೆಟ್ ಚೀಟಿಯ ಜೊತೆ ಸಣ್ಣ ಕವರಿಗೆ ಹಾಕಿ, ಬಂದ ತಾರೀಖು ಮತ್ತು ಯಾವ ಮೆಷಿನ್ ಅಥವಾ ಯಾವ ಸೈಟಿಗೆ ಹೋಯಿತು ಅಂತ ಬರೆದಿಡಿ. ಮುಂದೆ ಮುರಿದ ತುಂಡು ವಾಪಸ್ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಲು, ಸಪ್ಲೈಯರ್ ಎದುರು ಮಾತಾಡಲು ಕೈಯಲ್ಲಿ ಇರುವುದು ಆ ಕವರ್ ಒಂದೇ.